ಅರಿಶಿಣ ಹಚ್ಚಿದ ಸಾಲು

ಬಾಲರಾಜ ಮಾಡಿದ್ದು ತಪ್ಪೋ ಅಲ್ಲವೋ ಎಂದು ಕೇಳಿದರೆ ಜನರಲ್ಲಿ ಎರಡು ಮಾತುಂಟು. ಬಾಲರಾಜನಲ್ಲಿ ಮಾತ್ರ ಒಂದೇ. ಎರಡು ವರ್ಷ ಆಗುತ್ತ ಬಂತು, ಇವತ್ತಿಗೂ ಯಾರಾದರೂ ಅವನ ವೆಬ್ ಪುಟದ ಮಾತೆತ್ತಿದರೆ ಮುಖ ತಿರುಗಿಸಿ ಇಲ್ಲದ ಕೆಲಸ ಹುಡುಕುತ್ತಾನೆ.

ಸುರಪುರದವನು, ಹೆಲವರ ಮನೆತನ. ಹೆಲವರೆಂದರೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುವವರು. ನಿಮ್ಮ ಅಂಗಳದಲ್ಲಿ ನಿಂತು ನಿಮ್ಮ ಮುತ್ತಜ್ಜನ ಅಜ್ಜನ ಹೆಸರನ್ನು ನಿಮಗೇ ಹೇಳಿ, ಶಲ್ಯದ ತುಂಬ ಜೋಳ ಹಾಕಿಸಿಕೊಂಡು ಹೋಗುವವರು. ಬಾಲರಾಜನ ಅಪ್ಪ ಮರಿಲಿಂಗಪ್ಪನಿಗೆ ಕೃಷ್ಣೆಯ ದಂಡೆಯ ಮುನ್ನೂರು ಮನೆಗಳ ವಂಶ ಬಾಯಿಪಾಠ. ಅವರವರ ಹೊಲದ ಮೂಲೆ, ಯಾರ ಸೊಸೆ ಯಾವ ಊರಿಂದ ಬಂದಳು, ಎಲ್ಲ ಗೊತ್ತು. ಅಂಗಡಿಯಿಂದ ಉಪ್ಪು ತರಲು ಹೇಳಿದರೆ ಮಾತ್ರ ಮರೆತು ಬರುತ್ತಿದ್ದ. ಇಂಥ ನಾಲಿಗೆಗೆ ಮೂರು ವರ್ಷದ ಹಿಂದೆ ಲಕ್ವಾ ಹೊಡೆಯಿತು. ಮಾತು ಈಗ ಒಂದೊಂದೇ, ಅದೂ ತೊದಲು.

ಮಗ ಆ ಕಸುಬಿಗೆ ಹೋಗಲಿಲ್ಲ. ಶಹಾಪುರದ ಬಸ್ ನಿಲ್ದಾಣದ ಎದುರಿಗಿರುವ ಗಯಾಸನ ಆನ್‌ಲೈನ್ ಸೆಂಟರಿನಲ್ಲಿ ಜನರ ಅರ್ಜಿ ತುಂಬುವ ಕೆಲಸ ಹಿಡಿದ. ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಬೆಳೆ ವಿಮೆ. ಮೂವತ್ತೆಂಟು ವರ್ಷದ ಈ ಗಂಡಸು ಹದಿನಾಲ್ಕು ವರ್ಷ ಊರವರ ಹೆಸರನ್ನೆಲ್ಲ ಕಂಪ್ಯೂಟರಿಗೆ ಹಾಕಿ ಹಾಕಿ, ತನ್ನ ಹೆಸರು ಎಲ್ಲಿಯೂ ಇಲ್ಲವಲ್ಲ ಎಂದು ಒಂದು ದಿನ ಕೊರಗಿದ. ಒಂದು ಸಣ್ಣ ಪುಟ, ನನ್ನದೇ ಆದದ್ದು, ಯಾರಾದರೂ ಹುಡುಕಿದರೆ ಸಿಗುವಂಥದ್ದು ಇರಲಿ ಎಂಬ ಆಸೆ. ಇದರಲ್ಲೇನೂ ಕೇಡಿಲ್ಲ ಬಿಡಿ. ಇಲ್ಲಿಗೇ ನಿಂತಿದ್ದರೆ ನನಗೂ ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ಫೋನಿನಲ್ಲಿ ವಿಡಿಯೋ ನೋಡಿ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕಲಿತ. ಮೊದಲ ದಿನ ಹೆಸರೊಂದನ್ನು ದಪ್ಪ ಅಕ್ಷರ ಮಾಡಲು ಹೋದ. ದಪ್ಪ ಮಾಡು ಎನ್ನುವ ಗುರುತು ಹಾಕಿದ, ಸಾಕು ಎನ್ನುವ ಗುರುತು ಹಾಕುವುದನ್ನು ಮರೆತ. ಪುಟಕ್ಕೆ ಪುಟವೇ ಉಬ್ಬಿ ಕೂತಿತು. ಮರುದಿನ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಅವನನ್ನೇ ನೋಡಿದವು. ಮೇಲ್ಭಾಗದಲ್ಲಿ ಒಂದು ಸಾಲು ಸೇರಿಸಿದ ಮೇಲೆ ದಾರಿಗೆ ಬಂದವು. ಮೂರನೆಯ ದಿನ ಅವನ ಫೋಟೋ ಅಡ್ಡಡ್ಡ ಮಲಗಿತ್ತು.

"ಏನೋ ಬಾಲರಾಜ, ಮಲಕೊಂಡೇ ಜಗತ್ತಿಗೆ ಸಲಾಂ ಹೊಡಿಯಾಕತ್ತೀಯಲ್ಲ!" ಎಂದು ಗಯಾಸ ನಕ್ಕ.

ವಾರದೊಳಗೆ ಪುಟ ಎದ್ದು ನಿಂತಿತು. 'ನನ್ನ ಹೆಸರು ಬಾಲರಾಜ. ನಾನು ಹೆಲವ ಮರಿಲಿಂಗಪ್ಪನ ಮಗ.' ಕೆಳಗೆ ಫೋಟೋ, ಫೋನ್ ನಂಬರು, ನೋಡಿದವರ ಲೆಕ್ಕ ತೋರಿಸುವ ಒಂದು ಸಣ್ಣ ಪೆಟ್ಟಿಗೆ. ಅದರಲ್ಲಿ ಒಂಬತ್ತು ಎಂದಿತ್ತು, ಒಂಬತ್ತೂ ಸಲ ನೋಡಿದವನು ಅವನೇ. ಪುಟ ಬೋಳುಬೋಳಾಗಿ ಕಂಡಿತು. ಏನಾದರೂ ತುಂಬಬೇಕಲ್ಲ? ಅಪ್ಪನ ಟ್ರಂಕಿನಿಂದ ವಂಶಾವಳಿಯ ಹಳೆಯ ವಹಿ ತೆಗೆದ. ಮಾದರಿಗೆಂದು ಒಂದು ಮನೆಯ ವಂಶ ಹಾಕೋಣ ಎಂದುಕೊಂಡ.

ಆ ವಹಿಯಲ್ಲಿ ಅಲ್ಲಲ್ಲಿ ಒಂದೊಂದು ಸಾಲಿನ ಅಂಚಿಗೆ ಅರಿಶಿಣ ಹಚ್ಚಿದೆ. ಅದು ಅವರ ಮನೆತನದ ಕಟ್ಟಳೆ. ಬಾಲರಾಜ ಹನ್ನೆರಡು ವರ್ಷದವನಿದ್ದಾಗಲೇ ಅಪ್ಪ ಆ ಹಳದಿಯ ಮೇಲೆ ಬೆರಳಿಟ್ಟು ಹೇಳಿದ್ದ: "ಇಂಥ ಸಾಲು ಬಾಯಿಗೆ ಬರಬಾರದು. ಮನಿ ಹಿರಿ ಹೆಣ್ಣುಮಗಳು ಒಬ್ಬಾಕಿ ಇದ್ದಾಗ ಬಾಗ್ಲ ಹಾಕಿ ಆಕಿ ಕಿವ್ಯಾಗಷ್ಟ ಹೇಳಬೇಕು. ಒಂದು ಮನಿ ಗುಟ್ಟು ಇನ್ನೊಂದು ಮನಿ ಹೊಸ್ತಿಲ ದಾಟಿದ್ರ ನಾವು ಹೆಲವರಲ್ಲ, ಚಾಡಿಕೋರರು."

ಬಾಲರಾಜನಿಗೆ ಇದು ನೆನಪಿರಲಿಲ್ಲವೆಂದು ನೀವು ಅಂದುಕೊಳ್ಳಬೇಡಿ. ನೆನಪಿತ್ತು. ಮುನ್ನೂರು ಮನೆಗಳಲ್ಲಿ ಅವನು ಆರಿಸಿದ್ದು ಗಂಗನದೊಡ್ಡಿಯ ಅಂಬಿಗರ ಮನೆಯೊಂದನ್ನು, ಅದೂ ಆ ಹಳದಿ ಸಾಲಿಗಾಗಿಯೇ, ಏಕೆಂದರೆ ಇಡೀ ವಹಿಯಲ್ಲಿ ಅಷ್ಟು ಚೆಂದದ ಕಥೆ ಬೇರೆ ಇರಲಿಲ್ಲ. 'ನಾಗಣ್ಣನ ಮಡದಿ ಸುಗಲಮ್ಮ. ಹೊಟ್ಟೆಯ ಫಲವಿಲ್ಲ. ಹೊಳೆ ಊರು ಹೊಕ್ಕ ವರ್ಷ ಹರಿಗೋಲಿನಲ್ಲಿ ತೇಲಿ ಬಂದ ಕೂಸು ಹಣಮೇಶ.' ಬಾಯಿಗೆ ಬರಬಾರದು ಎಂದಿದ್ದಾನೆ ಅಪ್ಪ, ನಾನು ಬಾಯಿ ಬಿಟ್ಟಿಲ್ಲವಲ್ಲ, ಕೀಲಿ ಒತ್ತಿದೆ ಅಷ್ಟೆ. ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡ. ಮನಸ್ಸು ಒಂದು ಗಳಿಗೆ ತಡೆಯಿತು. ಆ ತಡೆದ ಗಳಿಗೆಯೇ ಈಗ ಅವನನ್ನು ಸುಡುವುದು.

ಪುಟದ ಕೊಂಡಿಯನ್ನು ಗಂಗನದೊಡ್ಡಿಯವರ ವಾಟ್ಸಾಪ್ ಗುಂಪಿಗೂ ಕಳಿಸಿದ. ನೋಡಿದವರ ಲೆಕ್ಕ ಎರಡು ನೂರು ದಾಟಿತು. ಬಾಲರಾಜನ ಕಾಲು ನೆಲದ ಮೇಲಿರಲಿಲ್ಲ. ಅಪ್ಪನಿಗೆ ತೋರಿಸಲಿಲ್ಲ ಮಾತ್ರ. ಯಾಕೆ ತೋರಿಸಲಿಲ್ಲ ಎಂಬುದನ್ನು ಅವನೂ ತನ್ನನ್ನು ಕೇಳಿಕೊಳ್ಳಲಿಲ್ಲ.

ಹದಿನೈದು ದಿನ ಕಳೆದು ಒಂದು ಬೆಳಗ್ಗೆ ಮುದುಕಿಯೊಬ್ಬಳು ಸೆಂಟರಿಗೆ ಬಂದಳು. ಕೈಯಲ್ಲಿ ಬಟ್ಟೆಯ ಚೀಲ, ಬಿಸಿಲಿಗೆ ಮುಖವೆಲ್ಲ ಬೆವರು. ಪಿಂಚಣಿ ಅರ್ಜಿಗೆ ಬಂದವಳಿರಬೇಕೆಂದು ಬಾಲರಾಜ ಸ್ಟೂಲು ಸರಿಸಿದ.

"ಕುಂದರ್ರಿ ಅವ್ವಾ. ಆಧಾರ್ ತಂದೀರೇನು?"

"ಆಧಾರ ಕಳಕೊಂಡ ಬಂದೀನಿ ತಮ್ಮಾ," ಎಂದಳು ಅವಳು. "ನಾ ಗಂಗನದೊಡ್ಡಿ ಸುಗಲಮ್ಮ. ಮರಿಲಿಂಗಪ್ಪನ ಮಗ ನೀನೇ ಏನು?"

ಬಾಲರಾಜ ಹೌದೆಂದು ತಲೆಯಾಡಿಸಿದ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಚಹಾದ ಹೋಟೆಲಿನಲ್ಲಿ ಯಾರೋ ಒಬ್ಬ ಫೋನು ಹಿಡಿದು, 'ನಿಮ್ಮ ಮನೆತನದ ಹೆಸರು ಬಂದದ ಕೇಳೋ ಹಣಮೇಶ' ಎಂದು ಖುಷಿಯಿಂದ ಗಟ್ಟಿಯಾಗಿ ಓದಿದನಂತೆ. ಮುಂದಿನ ಸಾಲೇನೆಂದು ಓದುವವನಿಗೂ ಗೊತ್ತಿರಲಿಲ್ಲ. ಐವತ್ತು ವರ್ಷದ ಹಣಮೇಶ, ಮೊಮ್ಮಗನನ್ನು ಎತ್ತಿದವನು, ತಾನು ಯಾರೆಂಬುದನ್ನು ಹತ್ತು ಜನರ ನಡುವೆ, ಚಹಾದ ಬಸಿ ಕೈಯಲ್ಲಿ ಹಿಡಿದುಕೊಂಡು ಕೇಳಿದ. ಅಂದಿನಿಂದ ಮನೆಯ ಹೊಸ್ತಿಲು ತುಳಿದಿಲ್ಲ. ಹೊಳೆಯ ದಂಡೆಯಲ್ಲಿ ಬಲೆಗಳ ಪಕ್ಕವೇ ಇರುತ್ತಾನೆ, ಹೆಂಡತಿ ಅಲ್ಲಿಗೇ ರೊಟ್ಟಿ ಒಯ್ಯುತ್ತಾಳೆ.

"ಒಂಬತ್ತು ದಿನ ಆತು. ಅವ್ವ ಅಂತ ಕರದಿಲ್ಲ ನನ್ನ," ಎಂದಳು.

ಬಾಲರಾಜ ಪುಟ ತೆರೆದ. ಅವಳ ಕಣ್ಣೆದುರೇ ಆ ಸಾಲು, ಅದರ ಹಿಂದಿನ ಸಾಲು, ಏಳು ತಲೆಮಾರು, ಎಲ್ಲವನ್ನೂ ಅಳಿಸಿದ. "ತಗದೆ ಅವ್ವಾ. ನೋಡ್ರಿ, ಪೂರಾ ತಗದೆ. ತಪ್ಪಾತು."

ಸುಗಲಮ್ಮ ಖಾಲಿ ಪರದೆಯನ್ನು ನೋಡಿದಳು. "ಇಲ್ಲಿಂದ ತಗದಿ. ಅವನ ಕಿವ್ಯಾಗಿಂದ ಹೆಂಗ ತಗೀತೀ ಯಪ್ಪಾ?"

ಗಯಾಸ ಪ್ರಿಂಟರಿನ ಸದ್ದು ನಿಲ್ಲಿಸಿದ. ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಹೆಲವರಿಂದ ಕೆಟ್ಟದ್ದು ಹೆಲವರೇ ನೆಟ್ಟಗ ಮಾಡಬೇಕು. ನಿಮ್ಮಪ್ಪಗ ಹೇಳು, ಸುಗಲಮ್ಮ ಬಂದಿದ್ಳು ಅಂತ."

ಅಂದು ಸಂಜೆಯೇ ಬಾಲರಾಜ ಸುರಪುರಕ್ಕೆ ಹೋಗಿ, ಅಪ್ಪನ ಹೊರಸಿನ ಬಳಿ ನೆಲದ ಮೇಲೆ ಕೂತು ಎಲ್ಲವನ್ನೂ ಒಪ್ಪಿಕೊಂಡ. ಮರಿಲಿಂಗಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಮಗನನ್ನು ಹೊಡೆಯುವ ಕೈಯಲ್ಲಿ ಶಕ್ತಿ ಇರಲಿಲ್ಲ.

"ವಹ್ಯಾಗ ಇದ್ದದ್ದು ಬರದಿ," ಎಂದ, ಒಂದೊಂದೇ ಮಾತು ಹೆಕ್ಕುತ್ತ. "ಅದು... ಅರ್ಧ. ಕಾಗದಕ್ಕ ಸಂಗತಿ ಅಷ್ಟ. ಆಣಿ... ಬಾಯಾಗ ಇರ್ತದ."

"ಯಾವ ಆಣಿ ಅಪ್ಪಾ?"

ಹೆಸರು ಕರೆದಾಗ ಇಟ್ಟ ಆ ಆಣೆಯ ಮಾತನ್ನೂ ಇಡೀ ವಂಶವನ್ನೂ ಹೇಳಿ ಮುಗಿಸಲು ಮುದುಕನಿಗೆ ಎರಡು ದಿನ ಹಿಡಿಯಿತು. ಒಂದು ಸಾಲು ಹೇಳುವುದು, ದಣಿಯುವುದು, ಮಗ ತಪ್ಪು ಹೇಳಿದರೆ ತಲೆಯಾಡಿಸುವುದು. ವಹಿಯನ್ನು ಮುಟ್ಟಲು ಬಿಡಲಿಲ್ಲ. ಮೂರನೆಯ ದಿನ ಗೂಟಕ್ಕೆ ತೂಗುಹಾಕಿದ್ದ ಹಿತ್ತಾಳೆಯ ಗಂಟೆಯ ಕಡೆ ಕಣ್ಣು ತೋರಿಸಿದ. ಬಾಲರಾಜ ಅದನ್ನು ತಗೊಂಡ. ಜೀವಮಾನದಲ್ಲಿ ಒಂದು ಸಲವೂ ಯಾರ ಅಂಗಳದಲ್ಲೂ ನಿಂತು ವಂಶ ಹೇಳಿದವನಲ್ಲ. ಎತ್ತೂ ಇಲ್ಲ, ಬಸ್ಸಿಳಿದು ನಡೆದೇ ಹೋದ.

ಗಂಗನದೊಡ್ಡಿಯಲ್ಲಿ ಗಂಟೆಯ ಸದ್ದಿಗೆ ಬಾಗಿಲುಗಳು ತೆರೆದವು. ನೋಡುವವರ ಮುಖದಲ್ಲಿ ನಗುವಿರಲಿಲ್ಲ. ಸುಗಲಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಸೊಸೆ ಬಾಗಿಲ ಮರೆಯಲ್ಲಿ ನಿಂತಳು. ಹೆಲವ ಬಂದರೆ ಮನೆಯ ಗಂಡಸು ಅಂಗಳದಲ್ಲಿರಬೇಕು, ಇದು ಆ ಕಡೆಯ ರೂಢಿ. ನಾಗಣ್ಣ ತೀರಿಹೋದ ಮೇಲೆ ಆ ಗಂಡಸು ಹಣಮೇಶನೇ. ಹೊಳೆಯ ದಾರಿಯಿಂದ ಹಣಮೇಶ ಬಂದ, ಆದರೆ ಅಂಗಳಕ್ಕೆ ಕಾಲಿಡದೆ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತ.

ಬಾಲರಾಜ ಶುರು ಮಾಡಿದ. ದನಿ ಕೀರಲಾಗಿತ್ತು. ಮೂಲಪುರುಷ, ಅವನ ಮಗ, ಅವನ ಮಗ. ಬೆವರು ಕಣ್ಣಿಗಿಳಿಯಿತು. ಐದನೆಯ ತಲೆಮಾರಿನಿಂದ ನೇರವಾಗಿ ನಾಗಣ್ಣನಿಗೆ ಹಾರಿದ.

"ಜಟ್ಟೆಪ್ಪ!" ಎಂಬ ಸಿಟ್ಟಿನ ದನಿ ಬೇವಿನ ಮರದ ಕಡೆಯಿಂದ ಬಂತು. "ನಮ್ಮ ಮುತ್ಯಾನ ಹೆಸರು ನುಂಗಿದೆಲ್ಲೋ!"

ಸುಗಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮ್ಮ ಮುತ್ಯಾ ಎಂದಿದ್ದ ಹಣಮೇಶ. ಅಂದದ್ದು ಅವನಿಗೂ ಆಮೇಲೆಯೇ ತಿಳಿದಿರಬೇಕು.

ಬಾಲರಾಜ ಜಟ್ಟೆಪ್ಪನನ್ನು ಕರೆದ, ನಾಗಣ್ಣನನ್ನು ಕರೆದ. ಅರಿಶಿಣದ ಸಾಲು ಬಂತು. ಬಾಗಿಲು ಹಾಕಿ ಕಿವಿಯಲ್ಲಿ ಹೇಳುವ ಕಾಲವನ್ನು ಅವನೇ ಹಾಳು ಮಾಡಿದ್ದ. ಹಾಗಾಗಿ ಊರಿಗೆಲ್ಲ ಕೇಳುವ ಹಾಗೆ, ಅಪ್ಪ ಕೊಟ್ಟ ಅರ್ಧವನ್ನೂ ಸೇರಿಸಿ ಹೇಳಿದ: "ಹೊಳಿ ತಂದು ಕೊಟ್ಟಿತು, ಸುಗಲಮ್ಮ ಉಡಿಯಾಗ ಹಿಡದ್ಳು. ಐದು ಮಂದಿ ಹಿರೇರ ಮುಂದ, ಹೊಳಿ ನೀರು ಅಂಗೈಯಾಗ ಹಿಡದು, ಹೆಲವ ಮರಿಲಿಂಗಪ್ಪ ಹೆಸರು ಕರದ. ನಾಗಣ್ಣನ ಮಗ ಹಣಮೇಶ. ಕರದ ಮ್ಯಾಲ ಕುಲ ಒಂದ, ಉಡಿ ಒಂದ, ಮಣ್ಣು ಒಂದ. ಅಲ್ಲ ಅಂದವನ ನಾಲಿಗಿ ಹೆಲವನ ನಾಲಿಗಿ ಅಲ್ಲ."

ಕಡೆಯ ಮಾತು ತನಗೇ ತಾಗಿತು. ಗಂಟೆಯನ್ನು ಒಮ್ಮೆ ಬಾರಿಸಿ ತಲೆ ತಗ್ಗಿಸಿದ, ಹಾಗೇ ನಿಂತ. ವಂಶ ಮುಗಿದ ಮೇಲೆ ಹೆಲವನ ಶಲ್ಯಕ್ಕೆ ಜೋಳ ಹಾಕಬೇಕು, ಹಾಕುವ ಹಕ್ಕು ಆ ಮನೆಯ ಮಗನದು. ಬೇರೆ ಯಾರು ಹಾಕಿದರೂ ಸಲ್ಲದು. ಸುಗಲಮ್ಮ ಕೂತಲ್ಲಿಂದ ಕದಲಲಿಲ್ಲ. ಸೊಸೆಯೂ ಮುಟ್ಟಲಿಲ್ಲ. ಜನ ಕಾದರು.

ಹಣಮೇಶ ಬಂದ. ಯಾರ ಮುಖವನ್ನೂ ನೋಡದೆ ಹೊಸ್ತಿಲು ದಾಟಿ ಒಳಗೆ ಹೋದ, ಸೇರು ತುಂಬಿಕೊಂಡು ಹೊರಗೆ ಬಂದ. ಐದು ಸಲ ಹೋಗಿ ಬಂದ. ಕಡೆಯ ಸಲ ಒಳಗೆ ಹೋಗುವಾಗ ಅವ್ವನ ಹತ್ತಿರ ನಿಂತು, "ಜೋಳ ತಳಕ್ಕ ಹತ್ಯಾವಲ್ಲ ಅವ್ವಾ, ಬೀಸಾಕ ಏನ್ ಇಟಗೊಂಡಿ?" ಎಂದ. ಅವಳು ಅಳುತ್ತಲೇ ಏನೋ ಹೇಳಿದಳು.

ಬಾಲರಾಜನ ಕಣ್ಣಲ್ಲೂ ನೀರು ಬಂತು. ಶಲ್ಯದ ಗಂಟು ಕಟ್ಟುತ್ತ, "ಕಾಕಾ, ನನ್ನ ತಪ್ಪು ಹೊಟ್ಯಾಗ ಹಾಕ್ಕೊಳ್ರಿ," ಎಂದ.

ಹಣಮೇಶ ಆಗ ಮೊದಲ ಸಲ ಅವನ ಮುಖ ನೋಡಿದ. "ಈ ಜೋಳ ನಿಮ್ಮಪ್ಪಂದು. ನಿಂದಲ್ಲ."

ಬಾಲರಾಜನ ಪುಟ ಈಗಲೂ ಇದೆ, ಹೆಸರು ಮತ್ತು ಅಪ್ಪನ ಹೆಸರು, ಎರಡೇ ಸಾಲು. ಅಂದು ಗಂಟನ್ನು ಹೆಗಲ ಮೇಲೆ ಹೊತ್ತು ಸುರಪುರಕ್ಕೆ ಬಂದ. ಅವನ ಹೆಂಡತಿ ಆ ಜೋಳ ಬೀಸಿ ರೊಟ್ಟಿ ಬಡಿದಳು, ಅದನ್ನು ಹಾಲಿನಲ್ಲಿ ಮುರಿದು ಅಪ್ಪನಿಗೆ ಬಾಲರಾಜನೇ ತಿನ್ನಿಸಿದ. ತಾನು ಮಾತ್ರ ಆ ಜೋಳ ಮುಗಿಯುವ ತನಕ ಅನ್ನ ಉಂಡ.