ಅರಫಾದ ಚಳಿ

ಬಕ್ರೀದಿನ ಹಿಂದಿನ ದಿನ ನಾನು ರೋಜಾ ಇರುತ್ತೇನೆ. ಹಜ್‌ಗೆ ಹೋದವರು ಅಂದು ಮಕ್ಕಾದ ಹೊರಗಿನ ಅರಫಾ ಬಯಲಿನಲ್ಲಿ ಹೊತ್ತು ಮುಳುಗುವವರೆಗೆ ಅಲ್ಲಾಹನಲ್ಲಿ ದುಆ ಬೇಡುತ್ತಿರುತ್ತಾರೆ. ಹೋಗದವರಿಗೆ ಇದ್ದಲ್ಲೇ ಉಪವಾಸ. ಆ ವರ್ಷ ಅವ್ವ ಅಲ್ಲಿದ್ದಳು, ಅಣ್ಣನ ಜೊತೆ. ನಾನು ಲಂಡನ್ನಿನ ಇಲ್ಫರ್ಡ್‌ನ ಮನೆಯಲ್ಲಿ ಮರುದಿನದ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿದ್ದೆ.

ವಿಡಿಯೋ ಕಾಲ್ ಬಂದಾಗ ಇಲ್ಲಿ ಇನ್ನೂ ಬೆಳಗಿನ ಹೊತ್ತು, ಅಲ್ಲಿ ಸೂರ್ಯ ನೆತ್ತಿಯ ಮೇಲೆ. ಡೇರೆಯೊಳಗೆ ಅವ್ವನ ಮುಖ ಅರ್ಧ ಮಾತ್ರ ಕಾಣುತ್ತಿತ್ತು.

"ಬಿಸಲ ಭಾಳ ಐತೇನಬೇ?" ಎಂದೆ.

"ವಿಜಾಪುರದ ಬಿಸಲಾಗ ನಿಮ್ಮನ್ನ ಹಡದಾಕಿ ನಾ. ಇದೇನ್ ಬಿಸಲವ್ವಾ?" ಆಮೇಲೆ ತುಸು ತಡೆದು, "ಯಾಕೋ ಚಳಿ ಹತ್ತಾಕತ್ತೈತಿ" ಎಂದಳು.

ನನ್ನ ಗಂಡ ಹಿಂದಿನಿಂದ ಬಗ್ಗಿ, "ಅತ್ತಿ, ಚಳಿ ಬೇಕಂದ್ರ ಲಂಡನ್ನಿಗೆ ಬರಬೇಕ್ರಿ! ಅಷ್ಟ ದೂರ ಯಾಕ ಹೋದ್ರಿ?" ಎಂದು ಕೂಗಿದ.

ನಾವೆಲ್ಲ ನಕ್ಕೆವು. ಅವ್ವ ನಕ್ಕಳೋ ಇಲ್ಲವೋ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಅವಳು ಹೊದಿಕೆಯನ್ನು ಬಿಗಿಯಾಗಿ ಎಳೆದುಕೊಳ್ಳುತ್ತಾಳೆ. ಅದು ನಾನು ಕಂಡಿದ್ದೋ, ಆಮೇಲೆ ನಾನೇ ಅವಳಿಗೆ ಹೊದಿಸಿದ್ದೋ, ಆಣೆ ಇಟ್ಟು ಹೇಳಲಾರೆ.

ಮುಂದಿನ ಫೋನು ಅಣ್ಣನದು. "ತಂಗೀ, ಅವ್ವ ನಮಾಜಕ್ಕ ವಜೂ ಮಾಡಿ, ಕೈಕಾಲ್ ತೊಳಕೊಂಡ್ ಬರ್ತೀನಂತ ಹೋದಾಕಿ ಇನ್ನೂ ಬಂದಿಲ್ಲ. ನಿನಗೇನರ ಫೋನ್ ಮಾಡಿದ್ಲೇನು?"

"ಇಲ್ಲ. ಛತ್ರಿ ಒಯ್ದಾಳೇನು?"

"ಛತ್ರಿ ಇಲ್ಲೇ ಐತಿ."

ಮಗಳು ತನ್ನ ಫೋನಿನಲ್ಲಿ ಏನೋ ಹುಡುಕಿ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು. ವಿಪರೀತ ಬಿಸಿಲಿನಲ್ಲಿ ಮೈ ಸೋಲುವಾಗ ಕೆಲವರಿಗೆ ಚಳಿ ಬಂದಂತಾಗುತ್ತದಂತೆ. ಗಂಡ ಎದ್ದು ಹಿತ್ತಲಿಗೆ ಹೋದ.

ಅಲ್ಲಿ ಸೂರ್ಯ ಮುಳುಗಿದಾಗ ನಮ್ಮ ಬೀದಿಯಲ್ಲಿ ಇನ್ನೂ ಹಗಲು. ಪಕ್ಕದ ಮನೆಯ ಮಕ್ಕಳು ನೀರೆರಚಿಕೊಂಡು ಕಿರುಚುತ್ತಿದ್ದರು. ಅಲ್ಲಿ ಹಾಜಿಗಳನ್ನು ಹೊತ್ತ ಬಸ್ಸುಗಳು ಬಯಲು ಖಾಲಿ ಮಾಡುತ್ತಿದ್ದವು. ಅಣ್ಣ ಬಸ್ಸು ಹತ್ತಲಿಲ್ಲ. ಒಂದೊಂದೇ ಡೇರೆಯೊಳಗೆ ಇಣುಕಿ "ಯವ್ವಾ" ಎಂದು ಕರೆಯುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಉತ್ತರವಾಗಿ ಬೇರೆ ಯಾರದೋ ಅವ್ವಂದಿರು ಬೇರೆ ಭಾಷೆಗಳಲ್ಲಿ ಓಗೊಡುತ್ತಿದ್ದರು.

ರೋಜಾ ಬಿಡಲು ಖರ್ಜೂರ ಕೈಗೆತ್ತಿಕೊಂಡಿದ್ದಾಗ ಸುದ್ದಿ ಬಂತು. ಅವ್ವ ಆಸ್ಪತ್ರೆಯಲ್ಲಿದ್ದಳು, ಉಸಿರಾಡುತ್ತಿದ್ದಳು. ಅಷ್ಟು ಸಾಕೆಂದು ಅಂದುಕೊಂಡೆವು.

ಅವ್ವ ಊರಿಗೆ ಮರಳಿದಳು. ಆ ಪ್ರಯಾಣದ ನೆನಪು ಮಾತ್ರ ಅವಳ ಜೊತೆ ಬರಲಿಲ್ಲ. ಕಾಬಾ ಕಂಡಿದ್ದಿಲ್ಲ, ಬಯಲು ಕಂಡಿದ್ದಿಲ್ಲ, ವಿಮಾನ ಏರಿದ್ದೂ ಇಲ್ಲ. ಜೀವಮಾನವೆಲ್ಲ ಕಾದಿದ್ದ ಹಜ್ ಅವಳ ಪಾಲಿಗೆ ಆಗಿಯೇ ಇಲ್ಲ. ಅದು ಈಗ ನನ್ನ ಮತ್ತು ಅಣ್ಣನ ನೆನಪಿನಲ್ಲಷ್ಟೇ ಇದೆ. ನಾವಿಬ್ಬರೂ ಅದನ್ನು ಒಂದೇ ರೀತಿ ಹೇಳುವುದಿಲ್ಲ.

ಈ ವರ್ಷ ಬಕ್ರೀದ್ ನಮ್ಮೂರಿನ ಸುಡುಬೇಸಿಗೆಯಲ್ಲಿ ಬಂತು. ವಿಡಿಯೋ ಕಾಲ್‌ನಲ್ಲಿ ಅವ್ವ ಎಂದಿನಂತೆ ಕೇಳಿದಳು: "ನಿಮ್ಮಣ್ಣಗ ಒಂದ್ ಮಾತ್ ಹೇಳವ್ವಾ. ಬರೋ ವರ್ಷರ ನನ್ನ ಹಜ್‌ಕ್ಕ ಕಳಸಲಿ."

"ಹೇಳ್ತೀನಬೇ" ಎಂದೆ. ಹೋಗಿ ಬಂದಿದ್ದೀಯ ಎಂದು ಹೇಳುವುದನ್ನು ಬಿಟ್ಟಿದ್ದೇನೆ.

ಅವಳ ಹಿಂದೆ ಫ್ಯಾನು ನಿಂತಿತ್ತು. ಕರೆಂಟ್ ಹೋಗಿತ್ತೋ, ಅವಳೇ ಆರಿಸಿದ್ದಳೋ.

"ಫ್ಯಾನ್ ಯಾಕ ಹಚ್ಚಿಲ್ಲ?"

"ಬ್ಯಾಡವ್ವಾ," ಎಂದಳು, ಸೆರಗನ್ನು ಕಿವಿಯವರೆಗೆ ಎಳೆದುಕೊಳ್ಳುತ್ತ. "ಯಾಕೋ ಚಳಿ ಹತ್ತಾಕತ್ತೈತಿ."

ಈ ಸಲ ಇದನ್ನು ಕಣ್ಣಾರೆ ಕಂಡೆ. ಅಣ್ಣನನ್ನು ಕರೆಯೆಂದು ಅವಳಿಗೆ ಕೂಗತೊಡಗಿದೆ.