ಬಿಳಿ ಗೆರೆಗಳನ್ನು ಓದುತ್ತಿದ್ದ ಅಕ್ಕ

ಅಕ್ಕನ ಬಲಗೈ ತೋರುಬೆರಳಿನ ಉಗುರು ಒಂದು ಬದಿಗೆ ಸವೆದು ಓರೆಯಾಗಿತ್ತು. ವರ್ಷಗಟ್ಟಲೆ ಕಾಗದದ ನಕಾಶೆಗಳ ಮೇಲೆ ಎಳೆದೆಳೆದು ಹಾಗಾಗಿತ್ತು. ದಾರಿ ತೋರಿಸುವಾಗ ಅವರು ಪೆನ್ಸಿಲ್ ಹಿಡಿಯುತ್ತಿರಲಿಲ್ಲ. ಆ ಉಗುರಿನಿಂದಲೇ ಗೆರೆಯ ಬೆನ್ನು ಹತ್ತಿ ಹೋಗುತ್ತಿದ್ದರು. ಕೂಡುರಸ್ತೆ ಬಂದಲ್ಲಿ ಬೆರಳು ಅರೆಕ್ಷಣ ನಿಲ್ಲುತ್ತಿತ್ತು, ಎರಡೂ ಕಡೆ ನೋಡಿ ರಸ್ತೆ ದಾಟುವವರ ಹಾಗೆ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು ಇದು. ಇಂದಿರಾನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಆಫೀಸು. ಇಂಗ್ಲೆಂಡಿನ ಪ್ರವಾಸ ಕಂಪನಿಯೊಂದು ತನ್ನ ಗಿರಾಕಿಗಳನ್ನು ಫ್ರಾನ್ಸಿನ ಹಳ್ಳಿಗಾಡಿಗೆ ಸೈಕಲ್ ಪ್ರವಾಸಕ್ಕೆ ಕಳಿಸುತ್ತಿತ್ತು. ಕಾರು, ಲಾರಿಗಳ ಕಾಟವಿಲ್ಲದ ದಾರಿಗಳನ್ನು ಆರಿಸಿ, 'ಚರ್ಚ್ ದಾಟಿ ಎಡಕ್ಕೆ, ಸೇತುವೆಯಾದ ಮೇಲೆ ಏರು' ಎಂದು ಹಾಳೆಗಳಲ್ಲಿ ಬರೆದುಕೊಡುವುದು ನಮ್ಮ ಕೆಲಸ. ದಾರಿ ತಪ್ಪಿದವರು ಫೋನ್ ಮಾಡಿದರೆ ಅದನ್ನು ಎತ್ತುವವರೂ ನಾವೇ. ಅಲ್ಲಿನ ಗಡಿಯಾರಕ್ಕೆ ಹೊಂದಿಸಿ ಹನ್ನೊಂದೂವರೆಯಿಂದ ಎಂಟರವರೆಗೆ ಕೂರುತ್ತಿದ್ದೆವು. ಹಲಸೂರಿನಿಂದ ನಡೆದು ಬರುತ್ತಿದ್ದ ನನಗೆ ಆಗ ಇಪ್ಪತ್ಮೂರು. ಅಕ್ಕನಿಗೆ ಮೂವತ್ತೆಂಟು. ಹೆಸರು ಹಿಡಿದು ಕರೆಯುವ ಆ ಆಫೀಸಿನಲ್ಲಿ ಬಾಸ್ ಸಹ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ನಕಾಶೆ ಓದುವುದನ್ನು ನನಗೆ ಕಲಿಸಿದ್ದು ಅಕ್ಕ. ಕೆಂಪು ಗೆರೆ ಹೆದ್ದಾರಿ, ಹಳದಿ ಅದಕ್ಕಿಂತ ಚಿಕ್ಕದು, ಬಿಳಿ ಗೆರೆ ಎಂದರೆ ಹೊಲಗಳ ನಡುವೆ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗುವ ಸಣ್ಣ ಡಾಂಬರು ದಾರಿ. "ಕೆಂಪು ಯಾರ್ ಕಣ್ಣಿಗಾದ್ರೂ ಬೀಳುತ್ತೆ ಕಣೆ. ನೀನು ಬಿಳೀದು ಹುಡುಕು" ಎನ್ನುತ್ತಿದ್ದರು. ಪ್ರವಾಸ ಮುಗಿಸಿದವರು ಕಂಪನಿಗೆ ಬರೆದ ಪತ್ರಗಳನ್ನೆಲ್ಲ ತರಿಸಿಕೊಂಡು ಓದುತ್ತಿದ್ದರು. ಯಾವ ತೋಟದ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಹಾಲಿನ ವಾಹನ ಎಷ್ಟು ಹೊತ್ತಿಗೆ ಹೋಗುತ್ತದೆ, ಯಾವ ಇಳಿಜಾರಿನಲ್ಲಿ ಜಲ್ಲಿ ಎದ್ದಿದೆ, ಎಲ್ಲವೂ ಅವರ ಉದ್ದನೆಯ ನೋಟ್ ಪುಸ್ತಕದಲ್ಲಿತ್ತು. ನಾನು ಯಾವ ಹಾಳೆ ತೋರಿಸಿದರೂ ಅವರ ಮೊದಲ ಪ್ರಶ್ನೆ ಒಂದೇ: "ಇಲ್ಲಿ ಲಾರಿ ಬರುತ್ತಾ?"

ಒಮ್ಮೆ ಒಬ್ಬ ಮುದುಕರು ಫೋನ್ ಮಾಡಿದರು. ಹೆಂಡತಿ ದಣಿದು ರಸ್ತೆ ಬದಿಯಲ್ಲಿ ಕೂತುಬಿಟ್ಟಿದ್ದಾರೆ, ಎಲ್ಲಿದ್ದೇವೋ ಗೊತ್ತಿಲ್ಲ, ಸುತ್ತ ಬರೀ ಹಸುಗಳು ಎಂದು ಗಾಬರಿಯಾಗಿದ್ದರು. ಹಸುಗಳ ಬಣ್ಣ ಯಾವುದು, ನೆರಳು ಯಾವ ಕಡೆಗೆ ಬಿದ್ದಿದೆ, ನೀರಿನ ಟ್ಯಾಂಕು ಕಾಣುತ್ತದೆಯೇ ಎಂದು ಅಕ್ಕ ಕೇಳುತ್ತಾ ಹೋದರು. ಐದು ನಿಮಿಷದಲ್ಲಿ ಉಗುರು ಒಂದು ಕಡೆ ನಿಂತಿತು. "ಇನ್ನೊಂದು ತಿರುವು ಅಷ್ಟೇ, ಅಲ್ಲಿ ಬ್ರೆಡ್ ಅಂಗಡಿ ಇದೆ. ಅಮ್ಮನಿಗೆ ಮೊದಲು ನೀರು ಕೊಡಿ" ಎಂದು ತಮ್ಮ ಕಗ್ಗದಾಸಪುರದ ಇಂಗ್ಲಿಷಿನಲ್ಲಿ ಹೇಳಿದರು. ಅರ್ಧ ಗಂಟೆಯ ನಂತರ ಆ ಅಜ್ಜಿಯೇ ಫೋನ್ ಮಾಡಿ, ನೀವು ಈ ಊರಿನವರೇ ಎಂದು ಕೇಳಿದರಂತೆ.

ಅಕ್ಕನ ಊರು ಎಂದರೆ ಆಫೀಸು ಮತ್ತು ಕಗ್ಗದಾಸಪುರದ ಅಣ್ಣನ ಮನೆ, ಅಷ್ಟೇ. ಮನೆಯ ಸುತ್ತ ಒಂದು ಕಾಲಕ್ಕೆ ಅವರದ್ದೇ ಸೊಪ್ಪಿನ ತೋಟವಿತ್ತು. ಅಣ್ಣ ಅಲ್ಲೆಲ್ಲ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಅಕ್ಕನ ಕೋಣೆಯ ಕಿಟಕಿ ತೆರೆದರೆ ಕೈಗೆ ಎಟಕುವಷ್ಟು ಹತ್ತಿರದಲ್ಲಿ ಗಿಲಾವು ಮಾಡದ ಗೋಡೆ. ಆಫೀಸಿನ ವ್ಯಾನು ಮನೆ ಬಾಗಿಲಿಂದ ಕರೆದೊಯ್ದು ಬಾಗಿಲಿಗೇ ಬಿಡುತ್ತದೆ ಎಂಬ ಕಾರಣಕ್ಕೆ ಮಾತ್ರ ಈ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತ್ತು. ನಡುವೆ ಎಲ್ಲೂ ಇಳಿಯುವಂತಿರಲಿಲ್ಲ.

ಒಂದು ದಿನ ಕೆಲಸ ಮುಗಿದ ಮೇಲೆ ಅಕ್ಕನ ಅತ್ತಿಗೆಗೆ ಏನೋ ಪುಸ್ತಕ ಕೊಡಬೇಕೆಂದು ನಾನೂ ವ್ಯಾನಿನಲ್ಲಿ ಹೋದೆ. ಕಗ್ಗದಾಸಪುರದ ರೈಲ್ವೆ ಗೇಟು ಹಾಕಿತ್ತು. ಹಿಂದೆ ಬಸ್ಸು, ಮುಂದೆ ಟೆಂಪೊ, ಎರಡೂ ಪಕ್ಕ ಆಟೊಗಳು. ಬಾಗಿಲು ತೆರೆಯಲೂ ಜಾಗವಿಲ್ಲ. ಅಕ್ಕ ಕೈಗಡಿಯಾರ ನೋಡಿಕೊಂಡು, ಫ್ರಾನ್ಸಿನ ಹೊತ್ತು ಲೆಕ್ಕ ಹಾಕಿ, "ಅಲ್ಲಿ ಆ ಕಾಲುವೆ ಪಕ್ಕದ ದಾರೀಲಿ ಈಗ ಒಬ್ರೂ ಇರಲ್ಲ ಕಣೆ" ಎಂದರು. ಆಮೇಲೆ ತಾವಾಗಿಯೇ ಹೇಳಿದರು. ಮದುವೆಯಾದ ಎಂಟನೇ ತಿಂಗಳಿಗೆ ಟಿನ್ ಫ್ಯಾಕ್ಟರಿ ಹತ್ತಿರ ಗಂಡನ ಸ್ಕೂಟರಿಗೆ ಲಾರಿ ಗುದ್ದಿತ್ತು. ಹಿಂದೆ ಕೂತಿದ್ದ ಇವರು ಫುಟ್‌ಪಾತಿನ ಮೇಲೆ ಬಿದ್ದು ಉಳಿದರು. ಕೃಷ್ಣರಾಜಪುರದ ಗಂಡನ ಮನೆಯಿಂದ ತಿರುಗಿ ಕರೆತಂದ ಅಣ್ಣ ಅಂದಿನಿಂದ ಇವರನ್ನು ಒಬ್ಬರನ್ನೇ ರಸ್ತೆಗೆ ಬಿಟ್ಟಿರಲಿಲ್ಲ. ಹದಿನೇಳು ವರ್ಷ.

ಮರುವರ್ಷ ಇಂಗ್ಲೆಂಡಿನಿಂದ ಸುದ್ದಿ ಬಂತು. ದಾರಿಗಳನ್ನು ಕಣ್ಣಾರೆ ನೋಡಿ ತಿದ್ದಲು ನಮ್ಮಲ್ಲಿ ಒಬ್ಬರನ್ನು ಹತ್ತು ದಿನದ ಮಟ್ಟಿಗೆ ಕಳಿಸಬಹುದು. ಸೈಕಲ್ ಹೊಡೆಯಲು ಬರಬೇಕು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕನಿಗೆ ಸೈಕಲ್ ಬರುತ್ತಿರಲಿಲ್ಲ.

"ಕಲಿಸ್ತೀಯೇನೇ?" ಎಂದು ಅವತ್ತು ಮಧ್ಯಾಹ್ನ ಕೈ ತೊಳೆಯುವಲ್ಲಿ ನನ್ನ ಕಿವಿಯ ಹತ್ತಿರ ಬಂದು ಕೇಳಿದರು.

ಆಫೀಸಿನ ಹೊತ್ತು ಬದಲಾಗಿದೆ ಎಂದು ಮನೆಯಲ್ಲಿ ಹೇಳಿ, ವ್ಯಾನಿನ ಡ್ರೈವರನ್ನು ಒಪ್ಪಿಸಿ, ಹತ್ತು ಗಂಟೆಗೇ ದೊಮ್ಮಲೂರಿನ ಒಂದು ಖಾಲಿ ಮೈದಾನಕ್ಕೆ ಬರತೊಡಗಿದರು. ನನ್ನ ಹಳೆಯ ಲೇಡೀಸ್ ಸೈಕಲ್ಲು, ನನ್ನದೇ ಒಂದು ಚೂಡಿದಾರ. ಎರಡು ವಾರ ನಾನು ಸೀಟು ಹಿಡಿದುಕೊಂಡು ಓಡಿದೆ. ಬಿದ್ದರೆ ಅಯ್ಯೋ ಎನ್ನುತ್ತಿರಲಿಲ್ಲ; ಮೊಣಕಾಲಿನ ಮಣ್ಣು ಕೊಡವಿ ಮತ್ತೆ ಹತ್ತುತ್ತಿದ್ದರು. ಮೂರನೆಯ ವಾರ ಒಂದು ದಿನ ನಾನು ಕೈ ಬಿಟ್ಟಿದ್ದು ಅವರಿಗೆ ಗೊತ್ತಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಗದ್ದ ಎತ್ತಿಕೊಂಡು, ಮೈದಾನಕ್ಕೆ ಐದು ಸುತ್ತು ಬಂದರು. ನಾನು ನಿಲ್ಲಿಸಿ ಎಂದು ಕೂಗುತ್ತಲೇ ಇದ್ದೆ. ಕೊನೆಗೆ ಮೂಲೆಯ ಮರಳು ರಾಶಿಗೆ ಹೋಗಿ ನುಗ್ಗಿದರು.

"ಬ್ರೇಕ್ ಹಿಡೀಬಾರ್ದಾ ಅಕ್ಕ?"

"ಮನಸ್ಸು ಬರ್ಲಿಲ್ಲ ಕಣೆ" ಎಂದು ಮರಳಿನಲ್ಲಿ ಕೂತೇ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದರು. ಪೊಲೀಸರು ಮನೆಗೆ ವಿಚಾರಿಸಲು ಹೋದ ದಿನ ಅಣ್ಣನಿಗೆ ಎಲ್ಲ ತಿಳಿಯಿತು. ಮರುದಿನ ಅವರು ಆಫೀಸಿಗೆ ಬಂದರು. ಬಿಳಿ ಷರ್ಟಿನ ದೊಡ್ಡ ಆಳು. ಜಗಳವಾಗುತ್ತದೆ ಎಂದು ನಾವೆಲ್ಲ ಹೆದರಿದ್ದೆವು. ಅವರು ಬಾಸ್ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೈ ಮುಗಿದರು.

"ಸಾರ್, ಇವಳ ಗಂಡನ್ನ ರೋಡಿಂದ ಎತ್ಕೊಂಡು ಬಂದಿದ್ದು ನಾನೇ. ಇವಳನ್ನೂ ಎತ್ಕೊಂಡು ಬಾ ಅಂದ್ರೆ ನನ್ ಕೈಲಾಗಲ್ಲ ಸಾರ್" ಎಂದವರು ಅಷ್ಟು ಜನರ ಮುಂದೆ ಅತ್ತುಬಿಟ್ಟರು.

ಅವರು ಹೋದ ಮೇಲೆ ನಾನು ಅಕ್ಕನ ಮೇಲೆ ರೇಗಿದೆ. "ಹೋಗ್ತೀನಿ ಅಂತ ಒಂದು ಮಾತು ಹೇಳೋಕಾಗಲ್ವಾ ನಿಮಗೆ?"

ಅಕ್ಕ ನಕಾಶೆ ಮಡಚುತ್ತಿದ್ದರು. "ಬೈದಿದ್ರೆ ಹೋಗ್ತಿದ್ದೆ ಕಣೆ. ಹೊಡೆದಿದ್ರೂ ಹೋಗ್ತಿದ್ದೆ. ಅಳ್ತಾನಲ್ಲ, ಅಳೋನನ್ನ ದಾಟ್ಕೊಂಡು ಹೆಂಗೆ ಹೋಗ್ಲಿ?"

ಅವರ ಬದಲಿಗೆ ನೀನು ಹೋಗುತ್ತೀಯಾ ಎಂದು ಬಾಸ್ ನನ್ನನ್ನು ಕೇಳಿದರು. ನಾನು ಅರೆಗಳಿಗೆಯೂ ಯೋಚಿಸದೆ ಹೂಂ ಎಂದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನನ್ನ ಹಾಳೆಗಳನ್ನೆಲ್ಲ ಅಕ್ಕನೇ ಕೂತು ಬರೆದುಕೊಟ್ಟರು.

ಲ್ವಾರ್ ನದಿಯ ದಕ್ಷಿಣಕ್ಕಿರುವ ಆ ಹಳ್ಳಿಗಾಡಿನಲ್ಲಿ ಮೊದಲ ನಾಲ್ಕು ದಿನ ಒಂದೂ ತಿರುವು ತಪ್ಪಲಿಲ್ಲ. ನನ್ನ ಚಕ್ರದ ಸದ್ದು ನನಗೇ ಕೇಳುವಷ್ಟು ನಿಶ್ಶಬ್ದ. ಐದನೆಯ ದಿನ ಕಾಲುವೆ ಪಕ್ಕದ ದಾರಿಗೆ ಬಂದೆ. ಅಕ್ಕನಿಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಅದು. ಅದರ ಪಕ್ಕದಲ್ಲಿ ಹೊಸದಾಗಿ ಕಲ್ಲಿನ ಕ್ವಾರಿ ಶುರುವಾಗಿತ್ತು. ಹಿಂದಿನಿಂದ ಬಂದ ಲಾರಿ ಎಷ್ಟು ಹತ್ತಿರದಲ್ಲಿ ಹೋಯಿತೆಂದರೆ ಅದರ ಗಾಳಿಗೇ ನಾನು ಸೈಕಲ್ ಸಮೇತ ಚರಂಡಿಗೆ ಬಿದ್ದೆ. ಹಿಂದೆಯೇ ಇನ್ನೊಂದು, ಮತ್ತೊಂದು. ಬಿದ್ದಲ್ಲಿಂದಲೇ ಆಫೀಸಿಗೆ ಫೋನ್ ಮಾಡಿದೆ.

ಎತ್ತಿದ್ದು ಅಕ್ಕ. ನನ್ನ ಹಿಂದಿನ ಸದ್ದು ಅವರಿಗೂ ಕೇಳಿಸಿರಬೇಕು. "ಲಾರಿನಾ?" ಎಂದರು. ನನಗೆ ಅಳು ಬಂತು. ಅವರು ಆ ಮುದುಕರಿಗೆ ಹೇಳಿದ ದನಿಯಲ್ಲೇ ಹೇಳತೊಡಗಿದರು. "ಮೊದಲು ರೋಡಿಂದ ಆಚೆ ಬಾ. ಹುಲ್ಲಿನ ಮೇಲೆ ನಡಿ. ಸೈಕಲ್ ತಳ್ಕೊಂಡೇ ಬಾ, ಹತ್ತಬೇಡ. ಹಿಂದೆ ಒಂದು ಹಳೇ ಗಿರಣಿ ಸಿಕ್ತಲ್ಲ, ಅಲ್ಲೀವರೆಗೂ. ನಾನಿದ್ದೀನಿ." ಗಿರಣಿಯ ಹಿಂದಿನ ಮಣ್ಣುದಾರಿಗೆ ನಾನು ತಲುಪುವವರೆಗೆ, ಇಪ್ಪತ್ತು ನಿಮಿಷ, ಅವರು ಫೋನ್ ಇಡಲಿಲ್ಲ. ಕೊನೆಗೆ, "ಆ ದಾರಿ ಹೊಡೆದುಹಾಕ್ತೀನಿ. ಇನ್ಮೇಲೆ ಅಲ್ಲಿ ಯಾರನ್ನೂ ಕಳಿಸಬಾರ್ದು" ಎಂದರು. ನಾನು ತಿರುಗಿ ಬಂದು ನೋಡಿದಾಗ ನೋಟ್ ಪುಸ್ತಕದ ಆ ಎರಡು ಪುಟಗಳಿಗೆ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆದಿತ್ತು.

ಕೆಲವು ವರ್ಷಗಳಲ್ಲಿ ಎಲ್ಲರಿಗೂ ದಾರಿ ತೋರಿಸುವ ಯಂತ್ರಗಳು ಬಂದು ನಮ್ಮ ಆಫೀಸು ಮುಚ್ಚಿತು. ಆ ಹತ್ತು ದಿನಗಳ ಅನುಭವ ನನಗೆ ಬೇರೆ ಕೆಲಸ ಕೊಡಿಸಿತು. ಅಕ್ಕ ಗೋಡೆ ಕಾಣುವ ಕೋಣೆಗೆ ಹಿಂತಿರುಗಿದರು. ಮೈದಾನಕ್ಕೆ ಬನ್ನಿ ಎಂದು ನಾನು ಎರಡು ಸಲ ಕರೆದೆ. "ಬೇಡ ಬಿಡೆ, ಆಮೇಲೆ ತಡ್ಕೊಳ್ಳೋದು ಕಷ್ಟ" ಎಂದರು. ನಲವತ್ತೈದು ತುಂಬುವ ಮೊದಲೇ ಸ್ತನದ ಕ್ಯಾನ್ಸರ್ ಅವರನ್ನು ಕರೆದೊಯ್ದಿತು. ಆಸ್ಪತ್ರೆಗೆ ಹೋಗಿಬರುವಾಗಲೂ ಅಣ್ಣ ಅವರ ತೋಳು ಬಿಟ್ಟಿರಲಿಲ್ಲವಂತೆ.

ಹನ್ನೊಂದನೆಯ ದಿನ ನಾನು ಹೋಗಿದ್ದೆ. ಊಟ ಮುಗಿಸಿ ಹೊರಟವಳನ್ನು ಅಣ್ಣ ಗೇಟಿನ ಹತ್ತಿರ ನಿಲ್ಲಿಸಿದರು. ತುಂಬ ಇಳಿದುಹೋಗಿದ್ದರು.

"ನೀನೇ ಅಲ್ವೇನಮ್ಮಾ ಕಲಿಸಿದ್ದು? ಅವಳಿಗೆ ನಿಜವಾಗ್ಲೂ ಸೈಕಲ್ ಬರ್ತಿತ್ತಾ?"

"ಬರ್ತಿತ್ತು ಸಾರ್."

"ಚೆನ್ನಾಗಿ ಹೊಡೀತಿದ್ಲಾ? ಬೀಳ್ತಿರಲಿಲ್ಲ ತಾನೇ?"

ನೀವೇ ಒಂದು ಸಲ ಬಂದು ನೋಡಬಹುದಿತ್ತಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳುವ ಯೋಗ್ಯತೆ, ಅಕ್ಕನ ಜಾಗದಲ್ಲಿ ಹೋಗಿ ಬಂದ ನನಗೆ ಇರಲಿಲ್ಲ.

"ಬೀಳ್ತಿರಲಿಲ್ಲ" ಎಂದೆ. "ನೆಟ್ಟಗೆ ಕೂತು ಹೊಡೀತಿದ್ರು."