ಊರಿಗೆಲ್ಲ ಒಂದೇ ಹುಟ್ಟಿದ ದಿನ

ನಮ್ಮ ಮೇಷ್ಟ್ರ ಬಲಗೈ ತೋರುಬೆರಳಿನ ಉಗುರಿನ ಸುತ್ತ ಯಾವಾಗಲೂ ನೀಲಿ ಇಂಕು ಮೆತ್ತಿಕೊಂಡಿರುತ್ತಿತ್ತು. ಮುದ್ದೆ ಮುರಿಯುವಾಗಲೂ ಆ ಬೆರಳು ನೀಲಿಯೇ. ನಾವು ಮಕ್ಕಳು ಕದ್ದು ನೋಡಿ ನಗುತ್ತಿದ್ದೆವು. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮೂರಿನಲ್ಲಿ ನನ್ನ ಓರಗೆಯ ಯಾರನ್ನೇ ಕೇಳಿ, ಅವರ ಹುಟ್ಟಿದ ದಿನ ಬಂದದ್ದು ಆ ಬೆರಳಿನಿಂದ. ಎಲ್ಲರದೂ ಜೂನ್ ಒಂದು.

ಶಾಲೆ ಶುರುವಾಗುತ್ತಿದ್ದುದು ಅವತ್ತು. ಮಗು ಹುಟ್ಟಿದ್ದು ಯಾವಾಗ ಎಂದರೆ ಒಬ್ಬ ತಾಯಿ ಎಮ್ಮೆ ಈದ ವಾರ ಎನ್ನುತ್ತಿದ್ದಳು, ಇನ್ನೊಬ್ಬಳು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಬಿದ್ದ ವರ್ಷ ಎನ್ನುತ್ತಿದ್ದಳು. ದಾಖಲಾತಿ ರಿಜಿಸ್ಟರಿಗೆ ಎಮ್ಮೆ, ಬೆಂಕಿ ಬೇಡ, ತಾರೀಖು ಬೇಕು. ಅದಕ್ಕೆ ಮೇಷ್ಟ್ರು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, "ಎಲ್ಲಿ, ತಲೆ ಮ್ಯಾಲಿಂದ ಕಿವಿ ಮುಟ್ಟು" ಎನ್ನುತ್ತಿದ್ದರು. ಬಲಗೈ ನೆತ್ತಿಯ ಮೇಲಿಂದ ಹೋಗಿ ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತು ಎಂದೇ ಲೆಕ್ಕ. ವರ್ಷ ಹಿಂದಕ್ಕೆಣಿಸಿ, ಜೂನ್ ಒಂದು ಎಂದು ಬರೆದರೆ ಮುಗಿಯಿತು. "ನನಗೂ ನಮ್ ಮೇಷ್ಟ್ರು ಇದ್ನೇ ಕೊಟ್ಟಿದ್ದು" ಎಂದು ನಗುತ್ತಿದ್ದರು.

ದಿನಾ ಪ್ರಾರ್ಥನೆ ಮುಗಿದ ಮೇಲೆ ಬೋರ್ಡಿನ ಮೂಲೆಯಲ್ಲಿ 'ಇಂದಿನ ವಿಶೇಷ' ಎಂದು ಬರೆಯುವುದು ಅವರ ಚಟ. ಯಾರ ಜಯಂತಿ, ಯಾವ ದಿನಾಚರಣೆ, ಎಲ್ಲ ಪೇಪರಿನಿಂದ ಹೆಕ್ಕಿ ಇಟ್ಟುಕೊಂಡಿರುತ್ತಿದ್ದರು. ಜೂನ್ ಒಂದರಂದು ಮಾತ್ರ ಮೂಲೆ ಸಾಲದೆ ಇಡೀ ಬೋರ್ಡು ತುಂಬುತ್ತಿತ್ತು: 'ವಿಶ್ವ ಹಾಲು ದಿನ. ಶಾಲಾ ಪ್ರಾರಂಭೋತ್ಸವ. ನಮ್ಮೆಲ್ಲರ ಹುಟ್ಟುಹಬ್ಬ.' ಒಬ್ಬೊಬ್ಬರ ಕೈಗೂ ಒಂದು ಚೂರು ಬೆಲ್ಲ ಕೊಟ್ಟು, "ತಮ್ತಮಗೇ ಚಪ್ಪಾಳೆ ತಟ್ಕೊಳ್ರಲಾ" ಎನ್ನುತ್ತಿದ್ದರು. ಅಷ್ಟು ಸಂತೋಷದ ಶಾಲೆಯನ್ನು ನಾನು ಆಮೇಲೆ ನೋಡಿಲ್ಲ.

ನನ್ನನ್ನು ಸೇರಿಸಲು ಅಪ್ಪ ಬಂದ ದಿನ ನನ್ನ ತಂಗಿಯೂ ಜೊತೆಗಿದ್ದಳು. ಹೊಗೆಸೊಪ್ಪಿನ ಸಸಿ ನಾಟಿಯ ಕಾಲ. ಅವ್ವ ಹೊಲದಲ್ಲಿ ಸಸಿಗೆ ನೀರು ಹೊರುತ್ತಿದ್ದಳು. "ಇದ್ನೂ ಬರ್ಕೊಬುಡಿ ಸಾ, ಮನೇಲಿ ನೋಡ್ಕಳೋರು ಯಾರೂ ಇಲ್ಲ" ಎಂದು ಹೇಳಿ ಅಪ್ಪ ಹೊರಟೇಬಿಟ್ಟ. ನನಗೆ ಆರು, ಅವಳಿಗೆ ನಾಲ್ಕು. ಆದರೆ ಅವಳ ಕೈಕಾಲು ಉದ್ದ. ಮೇಷ್ಟ್ರು ಕಿವಿ ಮುಟ್ಟಲು ಹೇಳಿದಾಗ ಬೆರಳು ಇನ್ನೊಂದು ಚೂರು ಸಾಲಲಿಲ್ಲ. ಅವಳು ಅಳುವುದರಲ್ಲಿದ್ದಳು. ನಾನು ಹಿಂದಿನಿಂದ ಅವಳ ತಲೆಯನ್ನು ಮೆಲ್ಲಗೆ ಒತ್ತಿ ಬಗ್ಗಿಸಿದೆ. ಬೆರಳು ಕಿವಿಗೆ ತಾಗಿತು. ಮೇಷ್ಟ್ರು ನನ್ನ ಕೈಯನ್ನು ನೋಡಿದರು, "ಅಕ್ಕ ಬಲೇ ಕಿಲಾಡಿ" ಎಂದು ನಕ್ಕು ಪೆನ್ನೆತ್ತಿಕೊಂಡರು. ಹಾಗೆ ನಾವಿಬ್ಬರೂ ಒಂದೇ ವರ್ಷದ ಒಂದೇ ದಿನ ಹುಟ್ಟಿದೆವು.

ಅವಳ ನಿಜವಾದ ದಿನ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಶಿವರಾತ್ರಿ ಜಾಗರಣೆಯ ಮಾರನೆ ದಿನ. ಅವ್ವ ಪ್ರತಿವರ್ಷ ಅವತ್ತು ಅವಳಿಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಬಡಿಸುತ್ತಿದ್ದಳು.

ಮೇಷ್ಟ್ರು ನಮ್ಮನ್ನು 'ಜೋಡಿ' ಎಂದೇ ಕರೆಯುತ್ತಿದ್ದರು. ನಾವು ಒಂದು ದಿನ ಶಾಲೆ ತಪ್ಪಿಸಿದರೂ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ಕೊಂಡ ಕುಂಕುಮ ಬಣ್ಣದ ಸ್ವೆಟರ್ ತೊಟ್ಟು ಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಲೆಕ್ಕದಲ್ಲಿ ತಂಗಿ ನನಗಿಂತ ಚುರುಕು. "ಚಿಕ್ಕೋಳು ಒಂದಿನ ನಿನ್ ತಲೆ ಮ್ಯಾಲೆ ಕೂತ್ಕತಾಳೆ, ನೋಡ್ತಿರು" ಎಂದು ನನ್ನನ್ನು ರೇಗಿಸುತ್ತಿದ್ದರು. ಇಬ್ಬರೂ ಒಟ್ಟಿಗೇ ಪಿಯುಸಿ ಮುಗಿಸಿದೆವು.

ಆ ಜೂನ್ ಒಂದಕ್ಕೆ ಕಾಗದದ ಮೇಲೆ ನಮ್ಮಿಬ್ಬರಿಗೂ ಹದಿನೆಂಟು ತುಂಬಿತು. ಸೋದರಮಾವ ತಂಗಿಯನ್ನು ತನಗೆ ಮದುವೆ ಮಾಡಿಕೊಡಿ ಎಂದು ಕೇಳಿದ. ದೊಡ್ಡವಳನ್ನು ಬಿಟ್ಟು ಚಿಕ್ಕವಳನ್ನು ಕೊಡುವುದೇ ಎಂದು ಊರವರು ಅಂದಾಗ ಅಪ್ಪನ ಉತ್ತರ ಸಿದ್ಧವಿತ್ತು: "ಇಬ್ರೂ ಒಂದೇ ದಿನ ಉಟ್ಟವ್ರೆ ಅಂತ ಸರ್ಕಾರನೇ ಬರ್ಕೊಟ್ಟದೆ. ಇದ್ರಲ್ಲಿ ದೊಡ್ಡೋಳ್ಯಾರು, ಚಿಕ್ಕೋಳ್ಯಾರು?"

ತಂಗಿ ರಾತ್ರಿಯೆಲ್ಲ ನನ್ನ ಸೆರಗು ಹಿಡಿದುಕೊಂಡು ಮಲಗುತ್ತಿದ್ದಳು. ಮದುವೆಗೆ ನಾಲ್ಕು ದಿನವಿದ್ದಾಗ ನಾನೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಮರುದಿನ ಇಬ್ಬರು ಅಧಿಕಾರಿಗಳು ಬಂದರು. ಅಪ್ಪ ಅಂಕಪಟ್ಟಿ ತಂದು ಮುಂದಿಟ್ಟ. ಅದು ಸುಳ್ಳು, ಅವಳಿಗಿನ್ನೂ ಹದಿನಾರು ಎಂದು ನಾನು ಕೂಗಿದೆ. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಹಾಗಾದರೆ ಬರೆದವರನ್ನೇ ಕೇಳೋಣ ಎಂದು ಅಧಿಕಾರಿಗಳು ಶಾಲೆಯಿಂದ ರಿಜಿಸ್ಟರ್ ತರಿಸಿ, ಮೇಷ್ಟ್ರಿಗೆ ಹೇಳಿಕಳಿಸಿದರು. ಮೇ ಮೂವತ್ತೊಂದಕ್ಕೆ ನಿವೃತ್ತಿಯಾಗಿದ್ದ ಮೇಷ್ಟ್ರು ಬಂದು ಜಗಲಿಯ ತುದಿಯಲ್ಲಿ ಕೂತರು. ನನಗೆ ಜೀವ ಬಂದಂತಾಯಿತು.

"ಅಕ್ಕ, ತಂಗಿ ಇಬ್ಬರದೂ ಒಂದೇ ತಾರೀಖು. ಅವಳಿ ಮಕ್ಕಳೇನ್ರೀ?" ಎಂದು ಅಧಿಕಾರಿ ಕೇಳಿದರು.

ಮೇಷ್ಟ್ರು ನನ್ನತ್ತ ನೋಡಲಿಲ್ಲ. ಇಂಕಿನ ಬೆರಳನ್ನು ಆ ಸಾಲಿನ ಮೇಲಿಟ್ಟು, "ಊಂ, ಅವಳಿ. ನಾನೇ ಬರ್ದಿದ್ದು" ಎಂದರು.

ಅವರು ಹೊರಟಾಗ ಬೀದಿಯವರೆಗೂ ಹಿಂದೆ ಓಡಿಹೋಗಿ, "ಯಾಕ್ ಸಾ?" ಎಂದೆ. "ಒಂದ್ ತಿದ್ದುದ್ರೆ ಊರ್ಗೂರೇ ತಿದ್ಬೇಕಾಯ್ತದೆ ಕಣವ್ವ. ನನ್ ಪೆನ್ಷನ್ ಪೇಪರ್ರು ಇನ್ನೂ ಆಫೀಸ್ನಲ್ಲೇ ಅದೆ. ಎದ್ರುಕಂಬುಟ್ಟೆ" ಎಂದರು. ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ.

ಮುಂದಿನ ಮೇ ತಿಂಗಳು. ತಂಗಿ ಎಂಟು ತಿಂಗಳ ಬಸುರಿ. ಬಿಪಿ ಏರಿ ಫಿಟ್ಸ್ ಬಂತು. ಮೈಸೂರಿಗೆ ಒಯ್ಯುವಾಗ ಹುಣಸೂರು ದಾಟುತ್ತಿದ್ದಂತೆ ನನ್ನ ತೊಡೆಯ ಮೇಲೆ ತಣ್ಣಗಾದಳು. ಹೊಟ್ಟೆಯಲ್ಲಿದ್ದ ಕೂಸೂ ಉಳಿಯಲಿಲ್ಲ. ಮರಣಪತ್ರದಲ್ಲಿ ವಯಸ್ಸು ಹದಿನೆಂಟು ಎಂದು ಬರೆದರು. ಸತ್ತ ಮೇಲೂ ಅವಳಿಗೆ ಅವಳ ವಯಸ್ಸು ಸಿಗಲಿಲ್ಲ.

ಮೂರನೇ ದಿನ ಹಾಲು ತುಪ್ಪಕ್ಕೆ ಮೇಷ್ಟ್ರು ಬಂದು ಹೊಲದ ಬದುವಿನಲ್ಲಿ ದೂರ ನಿಂತಿದ್ದರು. ಎಲ್ಲರೂ ಹಾಲು ಬಿಟ್ಟು ಹೋದ ಮೇಲೆ ಒಬ್ಬರೇ ಮಣ್ಣಿನ ಗುಡ್ಡೆಯ ಹತ್ತಿರ ಹೋದರು. ಸ್ವಲ್ಪ ದಿನದಲ್ಲೇ ನನ್ನನ್ನು ಅದೇ ಮನೆಗೆ ಕೊಡುವ ಮಾತೆದ್ದಿತು. ಅದು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರು ನೇರ ಬಂದು ಅಪ್ಪನ ಮುಂದೆ ನಿಂತರು. "ಈ ಮಗೀನ ಕೊಟ್ಯೋ, ನಾನೇ ಸ್ಟೇಷನ್‌ಗೋಗಿ ಅವತ್ ಸುಳ್ ಏಳ್ದೆ ಅಂತ ಬರ್ಕೊಡ್ತೀನಿ. ಪೆನ್ಷನ್ ಓದ್ರೆ ಓಗ್ಲಿ." ಅಪ್ಪ ಆ ಮಾತನ್ನು ಅಲ್ಲಿಗೇ ಕೈಬಿಟ್ಟ. ಡಿ.ಎಡ್. ಅರ್ಜಿ ತಂದು ತುಂಬಿಸಿದವರೂ ಅವರೇ. ತಂಗಿಯ ಪಾಲಿಗೆ ಬರಬೇಕಿದ್ದ ಧೈರ್ಯ ನನ್ನ ಪಾಲಿಗೆ ಬಂತು. ಇವತ್ತು ನಾನು ಎಚ್.ಡಿ. ಕೋಟೆಯ ಕಡೆ ಒಂದು ಶಾಲೆಯಲ್ಲಿ ಮೇಡಂ. ಅದನ್ನು ನೆನೆದರೆ ನನಗೆ ಸಂತೋಷವಾಗುವುದಿಲ್ಲ.

ಅಂದಿನಿಂದ ಪ್ರತಿ ಜೂನ್ ಒಂದರಂದು ಅವರು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಕಾಫಿ ಮುಟ್ಟುತ್ತಿರಲಿಲ್ಲ. "ಆ ಮಗಿ ದಿಟ್ವಾಗ್ಲೂ ಉಟ್ಟಿದ್ ದಿನ ಯಾವ್ದವ್ವ?" ಎಂದು ಅವ್ವನನ್ನು ಕೇಳುತ್ತಿದ್ದರು. ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ತಮ್ಮ ಮನೆಯ ಬೀದಿಗೋಡೆಗೆ ಕಪ್ಪು ಬಳಿದು, ಅಲ್ಲಿ ದಿನಾ 'ಇಂದಿನ ವಿಶೇಷ' ಬರೆಯುವುದನ್ನು ಅವರು ಬಿಟ್ಟಿರಲಿಲ್ಲ. ಜೂನ್ ಒಂದರಂದು ಮಾತ್ರ ಏನೂ ಬರೆಯುತ್ತಿರಲಿಲ್ಲ.

ಈ ಜನವರಿಯಲ್ಲಿ ಹಾಸಿಗೆ ಹಿಡಿದರೆಂದು ತಿಳಿದು ನೋಡಲು ಹೋದೆ. ಸ್ವೆಟರಿನೊಳಗೆ ಮೈಯೇ ಇರಲಿಲ್ಲ. ಉಗುರಿನ ಸುತ್ತ ಇಂಕೂ ಇರಲಿಲ್ಲ. ನನ್ನ ಕೈ ಹಿಡಿದು, "ನೀನಾದ್ರೂ ಏಳ್ಬುಡವ್ವ. ಗೋಡೆ ಮ್ಯಾಲೆ ಒಂದ್ಸಲ ಸರ್ಯಾಗಿ ಬರ್ದು ಓಯ್ತೀನಿ" ಎಂದರು.

ನಾನು ಹೇಳಿದೆ: "ಜೂನ್ ಒಂದು ಸಾ. ನೀವೇ ಬರ್ದಿದ್ದೀರಲ್ಲ."

"ಊಂ ಕಣವ್ವ. ನಾನೇ ಬರ್ದಿದ್ದು" ಎಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನಾಲ್ಕನೇ ದಿನ ಹೋದರು. ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಅವರ ಜನನ ಜೂನ್ ಒಂದು ಎಂದೇ ಇತ್ತು.

ತಂಗಿಯ ತಲೆ ಬಗ್ಗಿಸಿದ ಕೈ ನನ್ನದು. ಅದನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಅಪ್ಪನ ಎದುರಿಗಾಗಲಿ, ನಮ್ಮ ಜಗಲಿಯಲ್ಲಾಗಲಿ, ಆ ಹಾಸಿಗೆಯ ಮೇಲಾಗಲಿ ಅವರು ಅದನ್ನೊಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಪ್ರತಿಸಲವೂ "ನಾನೇ ಬರ್ದಿದ್ದು" ಎಂದರು. ಶಿವರಾತ್ರಿಯ ಮಾರನೆ ದಿನ ಸಾ, ಎಂದು ಹೇಳಲು ನನಗೆ ಒಂದು ಉಸಿರು ಸಾಕಿತ್ತು.